ಮೌನ ಹಾಕಿದವರು

ಮೂರನೇ ಸಲವೂ ಕೊನೆಯ ಅಧ್ಯಾಯ ಕೈ ತಪ್ಪಿತು.

ಅಕ್ಕ ಇನ್ನು ಎರಡು ಪುಟ ಓದಿದ್ದರೆ ಪುಸ್ತಕದ ಧ್ವನಿಮುದ್ರಣ ಮುಗಿಯುತ್ತಿತ್ತು. ಅಷ್ಟರಲ್ಲಿ, ಗೋಡೆಯಾಚೆಯ ಕಪಾಟಿನಲ್ಲಿ ಬಹಳ ಹೊತ್ತಿನಿಂದ ಗುಂಯ್ ಎಂದು ಗೊಣಗುತ್ತಿದ್ದ ಕಂಪ್ಯೂಟರು ಟಪ್ಪೆಂದು ನಿಂತಿತು. ಪರದೆ ಕಪ್ಪಾಯಿತು. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಎಲ್ಲರೂ ಪರದೆಯ ಕಡೆ ನೋಡಿದರು. ಮಾಲೀಕರು ಮಾತ್ರ ಸೊಸೆಯ ಕಡೆ ನೋಡಿದರು.

"ಇದು ತಾನಾಗೇ ಆಗ್ತಿಲ್ಲ," ಎಂದರು. "ಮಾಡೋರು ಮಾಡ್ತಿದಾರೆ."

ಇಷ್ಟೂ ನಾನು ಕಣ್ಣಾರೆ ಕಂಡದ್ದಲ್ಲ. ಅರ್ಧ ಗಂಟೆ ಕಳೆದ ಮೇಲೆ ನಾನೂ ಅತ್ತಿಗೆಯೂ ಅಲ್ಲಿಗೆ ಹೋದಾಗ, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಹೇಳಿದ್ದು.

ನನ್ನ ಅತ್ತಿಗೆ ವಿಮಾ ಕಂಪನಿಯಲ್ಲಿದ್ದವರು. ಸುಟ್ಟುಹೋದ ಗೋದಾಮುಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಬಿದ್ದದ್ದೋ ಯಾರಾದರೂ ಇಟ್ಟದ್ದೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ಜೀವಮಾನವಿಡೀ ಸುಳ್ಳು ಕೇಳಿ ಕೇಳಿ ಅವರಿಗೆ ಮನುಷ್ಯರ ಮೇಲೆ ಗೌರವ ಕಡಿಮೆ. ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದವರ ಮೇಲೆ ಇನ್ನೂ ಕಡಿಮೆ. ನಾನು ಅವರ ಮೈದುನ, ಕಾರು ಓಡಿಸುತ್ತೇನೆ. ಕರೆದಾಗಲೆಲ್ಲ ಹೋಗುತ್ತೇನೆ. ದೊಡ್ಡ ಮನುಷ್ಯರು ದಡ್ಡರಾಗುವುದನ್ನು ನೋಡಲು ಟಿಕೆಟ್ಟಿಲ್ಲದೆ ಬೇರೆಲ್ಲಿ ಸಿಗುತ್ತದೆ?

ಕರೆದದ್ದು ಅಕ್ಕ. ಅತ್ತಿಗೆಯ ಜೊತೆ ಬೆಳಗಿನ ಹೊತ್ತು ವಾಕಿಂಗ್ ಹೋಗುವ ಗೆಳತಿ. ಅವರನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತದೆ. ಆ ಧ್ವನಿಮುದ್ರಣದ ಸ್ಟುಡಿಯೋ ಅವರ ತಮ್ಮನದು. ಕಣ್ಣು ಕಾಣದ ಮಕ್ಕಳ ಶಾಲೆಗಾಗಿ ಅಕ್ಕ ಒಂದು ದಪ್ಪ ಕಥೆಪುಸ್ತಕ ಓದುತ್ತಿದ್ದರು. ನರಿ, ಮಂತ್ರಿ, ಕುಂಟ ಸೈನಿಕ, ಸೈನಿಕನ ಬಾಯಿಬಡುಕಿ ಅಜ್ಜಿ, ಎಲ್ಲರ ದನಿಯೂ ಅವರದೇ. ಆದರೆ ಅಕ್ಕನ ಗಂಟಲಲ್ಲಿ ಗಂಟು ಬೆಳೆದಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆ ಸೇರಬೇಕು. ಕತ್ತರಿಸಿದ ಮೇಲೆ ದನಿ ಉಳಿದರೆ ಉಳಿಯಿತು, ಇಲ್ಲದಿದ್ದರೆ ಪಿಸುಮಾತೇ ಗತಿ ಎಂದು ಡಾಕ್ಟರು ಮುಖ ನೋಡದೆ ಹೇಳಿದ್ದರಂತೆ.

"ಇನ್ನೊಂದು ಸಲ ಓದೋಷ್ಟು ದನಿ ಇದೆ," ಎಂದರು ಅಕ್ಕ. ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಎರಡು ಸಲಕ್ಕೆ ಇಲ್ಲ. ಇವತ್ತು ಆಗಬೇಕು."

ಮೊಬೈಲಿನಲ್ಲಿ ಓದಿ ಮುಗಿಸಬಹುದಲ್ಲ ಎಂದು ನಾನು ಬಾಯಿ ಹಾಕಿದೆ. ಮಾಲೀಕರು ನನ್ನನ್ನು ಚಪ್ಪಲಿಗೆ ಅಂಟಿದ ಕೆಸರಿನ ಹಾಗೆ ನೋಡಿದರು. ಅಕ್ಕ ಮಾತ್ರ ಸಮಾಧಾನವಾಗಿ ಹೇಳಿದರು: "ಕೊನೇ ಅಧ್ಯಾಯ ಮಾತ್ರ ಬಾವಿಯೊಳಗಿಂದ ಓದಿದ ಹಾಗಿದ್ರೆ ಆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತಪ್ಪ. ಅವರಿಗೆ ಪುಸ್ತಕ ಅಂದ್ರೆ ದನಿ ಒಂದೇ."

ಇನ್ನು ಮಾಲೀಕರ ವಿಷಯ. ಹಿಂದಿನಿಂದ ಎಲ್ಲರೂ ಅವರನ್ನು ಕಿವಿರಾಯರು ಎನ್ನುತ್ತಾರೆ. ಮುಂದೆಯೇ ಅಂದರೂ ಬೇಸರಪಡುವವರ ಪೈಕಿ ಅಲ್ಲ. ಪಕ್ಕದ ಬೀದಿಯಲ್ಲಿ ಯಾರೋ ಕೀಲಿ ತಿರುಗಿಸಿದರೂ ತನಗೆ ಕೇಳುತ್ತದೆ ಎಂದು ಹೇಳಿಕೊಂಡು ತಿರುಗುವವರು. ಬಂದವರಿಗೆ ಕುಳಿತುಕೊಳ್ಳಿ ಎನ್ನುವ ಮೊದಲು "ನಿಮ್ಮ ಎಡಗಾಲಿನ ಚಪ್ಪಲಿ ಸದ್ದು ಮಾಡುತ್ತೆ" ಎನ್ನುತ್ತಾರೆ. ನನಗೂ ಅಂದರು. ನನ್ನ ಚಪ್ಪಲಿ ಹೊಸದು.

ಅತ್ತಿಗೆ ಪೀಠಿಕೆಯಿಲ್ಲದೆ ಶುರುಮಾಡಿದರು.

"ಗುಂಯ್ ಅನ್ನೋ ಸದ್ದು ಯಾವಾಗಿಂದ?"

"ಒಂದು ತಿಂಗಳಿಂದ," ಎಂದರು ಕಿವಿರಾಯರು. "ಅಕ್ಕ ಓದೋಕೆ ಕೂತಾಗ ಮಾತ್ರ. ಜಾಹೀರಾತು ಮಾಡುವಾಗ ಕಂಪ್ಯೂಟರು ಒಂದು ಸಲವೂ ಸತ್ತಿಲ್ಲ. ಓದು ನಿಲ್ಲಿಸಿದ್ರೆ ಸದ್ದೂ ಇಲ್ಲ, ಸಾಯೋದೂ ಇಲ್ಲ. ಯಂತ್ರಕ್ಕೆ ಅಕ್ಕನ ಮೇಲೆ ದ್ವೇಷವಾ? ಇಲ್ಲ. ಮನುಷ್ಯರಿಗಿರಬಹುದು."

ಸೊಸೆಗೆ ಬೇರೆ ಸ್ಟುಡಿಯೋದಿಂದ ಕೆಲಸಕ್ಕೆ ಕರೆ ಬಂದಿದೆಯಂತೆ. ಅವಳೇ ಮುದ್ರಣದ ಮೇಜಿನ ಮುಂದೆ ಕೂರುವವಳು. ಹೋಗುವವಳು ಸುಮ್ಮನೆ ಹೋಗದೆ ಮನೆಯ ಹೆಸರು ಕೆಡಿಸಿ ಹೋಗುತ್ತಿದ್ದಾಳೆ ಎಂಬುದು ಕಿವಿರಾಯರ ಸಿದ್ಧಾಂತ. ಸಿದ್ಧಾಂತವನ್ನು ಅವಳ ಎದುರಿಗೇ ಹೇಳಿದರು. ಮಗರಾಯ, ಅಂದರೆ ಅವಳ ಗಂಡ, ಕೋಲೆಬಸವನ ಹಾಗೆ ತಲೆಯಾಡಿಸಿದ. ಅಪ್ಪ ಹಗಲನ್ನು ರಾತ್ರಿ ಎಂದಿದ್ದರೆ ದೀಪ ಹಚ್ಚುತ್ತಿದ್ದ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

"ನಡುನಡುವೆ ಉಳಿಸಿಕೊಳ್ಳೋಕೆ ಆಗಲ್ವಾ?" ಎಂದು ಅತ್ತಿಗೆ ಸೊಸೆಯನ್ನು ಕೇಳಿದರು.

"ಆಗುತ್ತೆ. ಮುದ್ರಣ ನಿಲ್ಲಿಸಿ ಉಳಿಸಬೇಕು. ಮಾವ ನಿಲ್ಲಿಸೋಕೆ ಬಿಡಲ್ಲ."

"ನಿಲ್ಲಿಸಿದ್ರೆ ಉಸಿರಿನ ಎಳೆ ಕಡಿಯುತ್ತೆ," ಎಂದರು ಕಿವಿರಾಯರು. "ಅಧ್ಯಾಯ ಅಂದ್ರೆ ಒಂದೇ ಉಸಿರು. ಇದೆಲ್ಲ ಸಾಮಾನ್ಯ ಕಿವಿಗೆ ಗೊತ್ತಾಗಲ್ಲ."

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿರಲಿಲ್ಲವೇ? ಕರೆಸಿದ್ದರು. ಮೊದಲ ಸಲ ಬಂದವನು ಫ್ಯಾನು ಬದಲಿಸಿದ. ಎರಡನೇ ಸಲ ಬಂದು ಡಿಸ್ಕು ಬದಲಿಸಿದ. ಅವನು ಬಂದಾಗಲೆಲ್ಲ ಕಂಪ್ಯೂಟರು ಹಸುವಿನ ಹಾಗೆ ಸಾಧುವಾಗಿ ನಿಂತಿತ್ತಂತೆ. ಆದರೂ ಬಂದ ತಪ್ಪಿಗೆ ಏನಾದರೂ ಬದಲಿಸಬೇಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ. ಅತ್ತಿಗೆ ಅವನಿಗೆ ಫೋನು ಮಾಡಿ, ಕಪಾಟಿನಲ್ಲಿರುವ ಯು.ಪಿ.ಎಸ್. ಪೆಟ್ಟಿಗೆಯನ್ನು ಬಿಚ್ಚಿದ್ದೆಯಾ ಎಂದು ಮಾತ್ರ ಕೇಳಿದರು. ಅದು ಹೊಸದು, ಅದಕ್ಕೆ ನಾನು ಕೈ ಹಚ್ಚಿಲ್ಲ ಎಂದ. ನಂಬಬಹುದಾದ ಮಾತು. ಕೈ ಹಚ್ಚಿದ್ದರೆ ಬಿಲ್ಲು ಹಾಕುತ್ತಿದ್ದ.

"ಕಪಾಟು ನೋಡೋಣ," ಎಂದರು ಅತ್ತಿಗೆ.

ಕಪಾಟು ಹೊರಗಿನ ಹಾದಿಯಲ್ಲಿ, ಓದುವ ಕೋಣೆಯ ಗೋಡೆಗೆ ಒತ್ತಿಕೊಂಡಿತ್ತು. ಒಳಗೆ ನಾಲ್ಕೂ ಕಡೆ ಮೊಟ್ಟೆ ಜೋಡಿಸುವ ತಟ್ಟೆಯಂತೆ ಉಬ್ಬುತಗ್ಗಿನ ಬೂದುಬಣ್ಣದ ಸ್ಪಂಜು. ಮೇಲೆ ಮತ್ತೆ ಚಾಲೂ ಮಾಡಿದ್ದ ಕಂಪ್ಯೂಟರು, ಕೆಳಗೆ ಯು.ಪಿ.ಎಸ್. ಅದರ ಹಸಿರು ದೀಪ ಸುಖವಾಗಿ ಉರಿಯುತ್ತಿತ್ತು. ಕರೆಂಟು ಹೋದರೆ ತನ್ನ ಬ್ಯಾಟರಿಯಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವುದು ಆ ಪೆಟ್ಟಿಗೆಯ ಕೆಲಸ. ಹಳೆಯದು ಕೆಟ್ಟಿತೆಂದು ಮಗರಾಯ ತಿಂಗಳ ಹಿಂದೆ ಇದನ್ನು ತಂದದ್ದು. ಅಂಗಡಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಎಂದು ಹೆಮ್ಮೆಯಿಂದ ಹೇಳಿದ.

"ಕರೆಂಟು ಹೋಗಿತ್ತಾ, ಆ ಹೊತ್ತಲ್ಲಿ?"

"ಇಲ್ಲವೇ ಇಲ್ಲ," ಎಂದರು ಮೂವರೂ. ದೀಪಗಳು ಉರಿಯುತ್ತಲೇ ಇದ್ದವು. ಮೂರು ಸಲವೂ.

ಅತ್ತಿಗೆ ಪೆಟ್ಟಿಗೆಯನ್ನು ಸ್ವಲ್ಪ ತಿರುಗಿಸಿದರು. ಮುಚ್ಚಳದ ಸ್ಕ್ರೂಗಳ ತಲೆ ತರಚಿತ್ತು. ಅಂಚಿನ ಮೊಹರಿನ ಚೀಟಿ ಹರಿದಿತ್ತು. ಅವರು ಅದನ್ನು ಬೆರಳಿನಿಂದ ಸವರಿದರು. ಸೊಸೆಯನ್ನು ಕೇಳಿದರು:

"ಈ ಪೆಟ್ಟಿಗೆ ಕೂಗೋದನ್ನ ಕೇಳಿದೀಯಾ?"

"ಇಲ್ಲ. ಹಳೇದು ಕರೆಂಟು ಹೋದಾಗ ಕೂಗೋದು. ಇದು ಬಂದ ಮೇಲೆ ಕರೆಂಟೇ ಹೋಗಿಲ್ಲ."

ಮಗರಾಯನೂ ಕೇಳಿರಲಿಲ್ಲ. ಅದು ಕೂಗುತ್ತದೆಂಬುದೇ ಅವನಿಗೆ ಸುದ್ದಿ.

ಅತ್ತಿಗೆ ಕಿವಿರಾಯರ ಕಡೆ ತಿರುಗಿದರು. ಅವರ ದನಿಯಲ್ಲಿ ಇದ್ದಕ್ಕಿದ್ದಂತೆ ಜೇನು ಸುರಿಯಿತು. ಅಂಥ ದನಿ ಬಂದಾಗ ನಾನಾದರೆ ಎದ್ದು ಓಡುತ್ತೇನೆ.

"ನಿಮ್ಮ ಕಿವಿ ಬಹಳ ಸೂಕ್ಷ್ಮ ಅಂತಾರೆ. ನನಗಂತೂ ಈ ಯು.ಪಿ.ಎಸ್.ಗಳ ಕೂಗೆಲ್ಲ ಒಂದೇ ಥರ ಕೇಳುತ್ತೆ. ಹಳೇದಕ್ಕೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇರುತ್ತಾ?"

ಕಿವಿರಾಯರು ಕನಿಕರದಿಂದ ನಕ್ಕರು.

"ಒಂದೇ ಥರ ಹೇಗಿರುತ್ತೆ ಮೇಡಂ? ಹಳೇದು ಮೊಂಡು ದನಿ. ಇದು ಅದಕ್ಕಿಂತ ಅರ್ಧ ಸ್ವರ ಮೇಲೆ. ಕೊನೇಲಿ ಒಂಚೂರು ಸೀಳುತ್ತೆ."

ಜಂಭ ಎಂದುಕೊಂಡು ನಾನು ಆಕಳಿಸಿದೆ. ಅತ್ತಿಗೆ ಆಕಳಿಸಲಿಲ್ಲ.

ಆಮೇಲೆ ಅವರು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. ಕೋಣೆ ತಣ್ಣಗಿತ್ತು. ಅಕ್ಕನ ಕಥೆಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಕೊನೆಯ ಅಧ್ಯಾಯದ ಹಾಳೆಗಳ ಅಂಚು ಹೆಬ್ಬೆರಳಿನ ಬೆವರಿಗೆ ಉಬ್ಬಿಕೊಂಡಿತ್ತು. ಅತ್ತಿಗೆ ಆ ಹಾಳೆಯನ್ನು ಮುಟ್ಟಿ ನೋಡಿ, ತಲೆಯ ಮೇಲಿನ ಎ.ಸಿ.ಯನ್ನೂ ನೋಡಿದರು.

"ಓದೋಕೆ ಮುಂಚೆ ನೀವು ಏನೇನು ಮಾಡ್ತೀರಿ? ಒಂದೂ ಬಿಡದೆ ಹೇಳಿ."

"ಏನು ಮಾಡೋದು?" ಎಂದ ಮಗರಾಯ. "ಅತ್ತೆ ಒಳಗೆ ಕೂರ್ತಾರೆ. ಇವಳು ಗಾಜಿನ ಈಚೆ ಕೂರ್ತಾಳೆ. ಬಾಗಿಲು ಹಾಕ್ತೀವಿ. ಅಪ್ಪ ಮೌನ ಹಾಕ್ತಾರೆ. ಓದು ಶುರು."

"ಏನು ಹಾಕ್ತಾರೆ?"

"ಮೌನ."

ಮಾತಾಡಬೇಡಿ ಎನ್ನುವುದನ್ನು ಈ ಕಲಾವಿದರು ಹೀಗೆ ಹೇಳುತ್ತಾರೆ ಎಂದು ನಾನು ತಿಳಿದೆ. ಒಂದೊಂದು ಕಸುಬಿನವರದು ಒಂದೊಂದು ಬಿಂಕ. ಅತ್ತಿಗೆ ಮಾತ್ರ ಪೆನ್ಸಿಲನ್ನು ಕೆಳಗಿಟ್ಟರು.

"ಬಾಗಿಲು ಹಾಕೋದು ಗೊತ್ತು. ಬೀಗ ಹಾಕೋದು ಗೊತ್ತು. ಮೌನವನ್ನ ಹೇಗೆ ಹಾಕ್ತಾರೆ, ತೋರಿಸಿ."

ಕಿವಿರಾಯರು ಗತ್ತಿನಿಂದ ಎದ್ದರು. ಹೊರಗಿನ ಹಾದಿಗೆ ಹೋಗಿ ಕಪಾಟಿನ ಪಕ್ಕದ ಗೋಡೆಯಲ್ಲಿದ್ದ ದಪ್ಪ ಕರಿ ಸ್ವಿಚ್ಚನ್ನು ಕೆಳಗೆ ಎಳೆದರು. ಎ.ಸಿ. ಉಸಿರು ಬಿಟ್ಟು ನಿಂತಿತು. ರಿಮೋಟಿನಲ್ಲಿ ನಿಲ್ಲಿಸಿದರೆ ಸಾಲದು, ನಿಂತ ಎ.ಸಿ.ಯೊಳಗೂ ಒಂದು ಸಣ್ಣ ಝೇಂಕಾರ ಉಳಿಯುತ್ತದೆ, ಅದು ತಮ್ಮ ಕಿವಿಗೆ ಚುಚ್ಚುತ್ತದೆ ಎಂದು ವಿವರಿಸಿದರು. ಅದಕ್ಕೆಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಲೈನನ್ನೇ ಕಡಿದುಹಾಕುವ ಸ್ವಿಚ್ಚು ಕೂರಿಸಿದ್ದರು. ಯಾವಾಗ? ಒಂದು ತಿಂಗಳ ಹಿಂದೆ. ಆ ಸ್ವಿಚ್ಚನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮೌನ ಹಾಕುವ ಹಕ್ಕು ಅವರೊಬ್ಬರದೇ.

"ಈಗ ಎಲ್ಲರೂ ಸುಮ್ಮನಿರಿ," ಎಂದರು ಅತ್ತಿಗೆ.

ಗೋಡೆಯಾಚೆಯಿಂದ, ಹಲ್ಲುನೋವಿನವನು ನರಳಿದಂತೆ, ಗುಂಯ್ ಎಂಬ ಸದ್ದು ಶುರುವಾಯಿತು.

ಸೊಸೆ ಎದ್ದು ನಿಂತಳು. "ಇದೇ," ಎಂದಳು. "ಇದೇ ಸದ್ದು. ಆದ್ರೆ ಅತ್ತೆ ಓದ್ತಾನೇ ಇಲ್ಲ."

"ಕಪಾಟು ತೆಗಿ."

ತೆಗೆದಳು. ಯು.ಪಿ.ಎಸ್.ನ ಹಸಿರು ದೀಪ ಹೋಗಿ ಕೆಂಪು ದೀಪ ಮಿಣುಕುತ್ತಿತ್ತು. ಒಂದು ಕೂಗಿಲ್ಲ, ಒಂದು ಕೀಚಲಿಲ್ಲ. ನಾವು ನೋಡುತ್ತಿದ್ದಂತೆಯೇ ಗುಂಯ್ ನಿಂತಿತು. ಕಂಪ್ಯೂಟರು ಟಪ್ಪೆಂದು ಸತ್ತಿತು.

ಮಗರಾಯ ಅಭ್ಯಾಸಬಲದಿಂದ ಬೆವರು ಒರೆಸಿಕೊಂಡು, "ಅಪ್ಪ, ಎ.ಸಿ. ಹಾಕಿ," ಎಂದ. ಕಿವಿರಾಯರು ಅಭ್ಯಾಸಬಲದಿಂದ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದರು. ಕೆಂಪು ಹೋಗಿ ಹಸಿರು ಬಂತು.

"ನೋಡಿದ್ರಾ?" ಎಂದರು ಅತ್ತಿಗೆ. "ಮೂರು ಸಲವೂ ನೀವು ಮಾಡಿದ್ದು ಇದನ್ನೇ. ಕಂಪ್ಯೂಟರು ಸತ್ತ ಕೂಡಲೇ ಸೆಕೆ ಅಂತ ಸ್ವಿಚ್ಚು ಹಾಕೋದು. ಆಮೇಲೆ ಕಪಾಟು ತೆಗೆದು, ಹಸಿರು ದೀಪ ನೋಡಿ, ಕರೆಂಟು ಹೋಗಿಲ್ಲ ಅನ್ನೋದು."

ಆಮೇಲೆ ಅವರು ಹೇಳಿದ್ದನ್ನು ನಾನು ಚಿಕ್ಕದಾಗಿ ಹೇಳುತ್ತೇನೆ. ಅವರು ಚಿಕ್ಕದಾಗಿ ಹೇಳಲಿಲ್ಲ, ದಡ್ಡರಿಗೆ ಹೇಳುವಾಗ ಹೇಳಬೇಕಾದ ರೀತಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ದೀಪಗಳ ಲೈನು ಬೇರೆ. ಎ.ಸಿ.ಯ ಲೈನಿನಲ್ಲೇ ಕಪಾಟಿನ ಪ್ಲಗ್ಗೂ ಇತ್ತು. ಮೌನ ಹಾಕಿದಾಗಲೆಲ್ಲ ಕಪಾಟಿಗೆ ಬರುವ ಕರೆಂಟು ನಿಲ್ಲುತ್ತಿತ್ತು, ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಗೋಡೆಯಿಂದ ಬರುವ ಕರೆಂಟು ನಯವಾಗಿ ಏರಿಳಿಯುತ್ತದೆ. ಅಗ್ಗದ ಪೆಟ್ಟಿಗೆ ಬ್ಯಾಟರಿಯಿಂದ ಮಾಡಿ ಕೊಡುವ ಕರೆಂಟು ಮುರುಕು ಮೆಟ್ಟಿಲಿನ ಹಾಗೆ ಎತ್ತಿ ಎತ್ತಿ ಕುಕ್ಕುತ್ತದೆ. ಅದನ್ನು ನುಂಗಲಾರದೆ ಕಂಪ್ಯೂಟರು ನರಳುತ್ತಿತ್ತು. ಅದೇ ಗುಂಯ್. ಬ್ಯಾಟರಿ ಮುಗಿದಾಗ ಸಾವು. ಸ್ವಲ್ಪ ಹೊತ್ತಿನ ಹಿಂದಷ್ಟೇ ಬರಿದಾದ ಬ್ಯಾಟರಿ ಇನ್ನೂ ತುಂಬಿರಲಿಲ್ಲ, ಅದಕ್ಕೇ ಈ ಸಲ ಬೇಗ ಸತ್ತಿತು. ಜಾಹೀರಾತುಗಳು ಬ್ಯಾಟರಿ ಮುಗಿಯುವ ಮೊದಲೇ ಮುಗಿಯುತ್ತಿದ್ದವು, ಅವುಗಳ ಅಡಿಯ ಗುಂಯ್ ಸಂಗೀತದಲ್ಲಿ ಮುಚ್ಚಿಹೋಗುತ್ತಿತ್ತು. ಕೊನೆಯ ಅಧ್ಯಾಯ ಉಳಿದೆಲ್ಲಕ್ಕಿಂತ ಉದ್ದ. ರಿಪೇರಿಯವನು ಬಂದಾಗ ಯಾರೂ ಮೌನ ಹಾಕುತ್ತಿರಲಿಲ್ಲ, ತಣ್ಣಗೆ ಎ.ಸಿ. ಕೆಳಗೆ ಕೂರಿಸಿ ಟೀ ಕೊಡುತ್ತಿದ್ದರು.

"ಅಂದ್ರೆ ಯಾರದೂ ತಪ್ಪಲ್ಲ," ಎಂದರು ಕಿವಿರಾಯರು. ಬಹಳ ಬೇಗ ಎಂದರು. "ಎಲೆಕ್ಟ್ರಿಷಿಯನ್ನು ಹೇಳಬೇಕಿತ್ತು."

"ಇಷ್ಟೇ ಆಗಿದ್ರೆ ನಾನೂ ಹಾಗೇ ಅಂತಿದ್ದೆ. ಆದ್ರೆ ಈ ಪೆಟ್ಟಿಗೆ ಎಷ್ಟೇ ಅಗ್ಗದ್ದಾದ್ರೂ ಒಂದು ಕೆಲಸ ಮಾಡುತ್ತೆ. ಕರೆಂಟು ಹೋದ ಕ್ಷಣ ಕೂಗಿ ಹೇಳುತ್ತೆ. ಮೊದಲ ದಿನವೇ ಕೂಗಿದ್ರೆ ನಿಮ್ಮ ಸೊಸೆ ಬಂದು ನೋಡ್ತಿದ್ಲು, ಕೆಂಪು ದೀಪ ಕಾಣ್ತಿತ್ತು, ಅಲ್ಲಿಗೆ ಮುಗೀತಿತ್ತು. ಈಗ ಯಾಕೆ ಕೂಗಲಿಲ್ಲ?"

ಅತ್ತಿಗೆ ಪ್ಲಗ್ಗು ಕಿತ್ತು, ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಒಳಗೆ, ಕೂಗು ಹೊರಡಿಸುವ, ಗುಂಡಿಯಷ್ಟು ದೊಡ್ಡ ಕರಿ ಬಿಲ್ಲೆಯೊಂದು ಇರಬೇಕಾದ ಜಾಗದಲ್ಲಿ ಕತ್ತರಿಸಿದ ಎರಡು ತಂತಿಕಡ್ಡಿಗಳು ಮಾತ್ರ ನಿಂತಿದ್ದವು.

"ನಾಲಿಗೆ ಕಿತ್ತಿದಾರೆ," ಎಂದರು.

"ಅಂಗಡಿಯವನೇ ಹಾಗೆ ಕೊಟ್ಟಿರಬೇಕು," ಎಂದರು ಕಿವಿರಾಯರು. "ಅಥವಾ ಇವಳು—"

"ಈ ಪೆಟ್ಟಿಗೆ ಕೂಗೋದನ್ನ ಇವಳು ಕೇಳಿಲ್ಲ. ನಿಮ್ಮ ಮಗ ಕೇಳಿಲ್ಲ. ರಿಪೇರಿಯವನು ಮುಟ್ಟಿಲ್ಲ. ನೀವು ಮಾತ್ರ ಹೇಳಿದ್ರಿ, ಹಳೇದಕ್ಕಿಂತ ಅರ್ಧ ಸ್ವರ ಮೇಲೆ, ಕೊನೇಲಿ ಒಂಚೂರು ಸೀಳು. ನಾಲಿಗೆ ಇಲ್ಲದ ಪೆಟ್ಟಿಗೆಯ ದನಿ ನಿಮಗೆ ಹೇಗೆ ಗೊತ್ತಾಯ್ತು?"

ಕಿವಿರಾಯರ ಕೈ ತಾನಾಗಿ ಹೋಗಿ ಅಂಗಿಯ ಜೇಬನ್ನು ಮುಟ್ಟಿಕೊಂಡಿತು. ಜೇಬಿನಲ್ಲಿ ಏನೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಗಾದೆಯಲ್ಲಿ ಮಾತ್ರ ಕೇಳಿದ್ದೆ, ಅವತ್ತು ಕಂಡೆ.

ಕಡೆಗೆ ಬಾಯಿ ಬಿಟ್ಟರು. ಪೆಟ್ಟಿಗೆ ಬಂದ ದಿನ ಸ್ಟುಡಿಯೋಗೆ ರಜೆ. ಹೊಸ ಸ್ವಿಚ್ಚಿನ ಮೌನ ಹೇಗಿದೆ ಎಂದು ಸವಿಯಲು ಒಬ್ಬರೇ ಬಂದಿದ್ದರು. ಸ್ವಿಚ್ಚು ಎಳೆದರೆ ಕಪಾಟಿನಿಂದ ಕೀಂ ಕೀಂ. ಏಕೆ ಕೂಗುತ್ತಿದೆ ಎಂದು ಅವರು ಯೋಚಿಸಲಿಲ್ಲ. ಯಾವ ಸ್ವರದಲ್ಲಿ ಕೂಗುತ್ತಿದೆ ಎಂದು ಯೋಚಿಸಿದರು. ಮುಚ್ಚಳ ಬಿಚ್ಚಿ ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದರು. ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದವನ ಶ್ರುತಿ ಸರಿಯಿಲ್ಲವೆಂದು ಬಾಯಿಗೆ ಬಟ್ಟೆ ತುರುಕುವ ಜನ ಇರುತ್ತಾರೆ. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ.

"ನಿಮ್ಮ ಅಧ್ಯಾಯ ಕೊಂದದ್ದು ನಿಮ್ಮ ತಮ್ಮ," ಎಂದು ಅತ್ತಿಗೆ ಅಕ್ಕನಿಗೆ ಹೇಳಿದರು. "ಕಿವಿ ಇದ್ದವರು, ಕೇಳಿಸಿಕೊಳ್ಳಲಿಲ್ಲ."

ಅಕ್ಕ ಅಷ್ಟು ಹೊತ್ತು ದನಿ ಉಳಿಸಿಕೊಳ್ಳಲೆಂದು ಸುಮ್ಮನೆ ಕುಳಿತಿದ್ದರು. ಈಗ ತಮ್ಮನನ್ನು ಒಂದೇ ಪ್ರಶ್ನೆ ಕೇಳಿದರು.

"ಇವಳ ಮೇಲೆ ಹೊರಿಸಿದಾಗ ನಿನಗೆ ಗೊತ್ತಿತ್ತಾ?"

ಕಿವಿರಾಯರು ನೆಲ ನೋಡಿದರು. "ಎರಡನೇ ಸಲ ಆದಾಗ ಅನುಮಾನ ಬಂತಕ್ಕ. ಹೇಳಿದ್ರೆ ಜನ ನಗ್ತಾರೆ ಅಂತ..."

"ನನ್ನ ಗಂಟಲು ಹೋಗ್ತಿದೆ," ಎಂದರು ಅಕ್ಕ. "ನಿನಗೆ ಜನ ನಗೋದು."

ಮಗರಾಯ ಈ ಸಲ ಯಾರ ಕಡೆ ತಲೆಯಾಡಿಸಬೇಕೆಂದು ತಿಳಿಯದೆ ಎರಡೂ ಕಡೆ ಆಡಿಸಿದ. ಸೊಸೆ ಅವನನ್ನು ನೋಡಲೂ ಇಲ್ಲ. ದೀಪಗಳ ಲೈನಿನ ಸಾಕೆಟ್ಟೊಂದನ್ನು ಹುಡುಕಿ, ಉದ್ದ ವೈರು ಎಳೆದು ಕಪಾಟಿಗೆ ಕರೆಂಟು ಕೊಟ್ಟಳು. ನಾನು ಹೋಗಿ ಕರಿ ಸ್ವಿಚ್ಚು ಎಳೆದೆ. ಎ.ಸಿ. ನಿಂತಿತು. ಕಂಪ್ಯೂಟರು ನರಳಲಿಲ್ಲ.

"ಎರಡೆರಡು ಪುಟಕ್ಕೆ ನಿಲ್ಲಿಸಿ ಉಳಿಸ್ತೀನಿ ಅತ್ತೆ," ಎಂದಳು ಸೊಸೆ. ಮಾವನನ್ನು ಅವಳು ಕೇಳಲಿಲ್ಲ.

ಅಕ್ಕ ಬಿಸಿನೀರಿನ ಕೊನೆಯ ಗುಟುಕು ಕುಡಿದು ಎದ್ದರು. ಕಿವಿರಾಯರೂ ಎದ್ದು, ಗಾಜಿನ ಈಚೆ ತಾವು ಯಾವಾಗಲೂ ಕೂರುವ ಕುರ್ಚಿಯ ಕಡೆ ನಡೆದು, ಹೆಡ್‌ಫೋನಿಗೆ ಕೈ ಚಾಚಿದರು. ಅಕ್ಕ ಅದನ್ನು ತಾವೇ ತೆಗೆದು ಸೊಸೆಯ ತಲೆಗೆ ಹಾಕಿದರು.

"ನೀನು ಹೊರಗಿರು," ಎಂದರು ತಮ್ಮನಿಗೆ.

"ಅಕ್ಕ, ನಾಳೆಯಿಂದ ನಿನ್ನ ದನಿ..."

"ಗೊತ್ತು."

ಕಿವಿರಾಯರು ಹೊರಗೆ, ನಾವಿದ್ದ ಹಾದಿಗೆ ಬಂದರು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಅಕ್ಕ ಓದಲು ಶುರುಮಾಡಿರಬೇಕು. ನರಿ ಮಾತಾಡಿರಬೇಕು, ಕುಂಟ ಸೈನಿಕ ಅಜ್ಜಿಯ ಬಳಿ ಮರಳಿರಬೇಕು. ಕಿವಿರಾಯರು ಬಾಗಿಲಿಗೆ ಮೊದಲು ಬಲಗಿವಿ ಇಟ್ಟರು, ಆಮೇಲೆ ಎಡಗಿವಿ ಇಟ್ಟರು, ಆಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿ ನಿಂತರು. ಅತ್ತಿಗೆ ಸ್ಕ್ರೂಡ್ರೈವರನ್ನು ಒರೆಸಿ ಕೈಚೀಲಕ್ಕೆ ಹಾಕಿಕೊಂಡರು. ನನಗೆ ಅಯ್ಯೋ ಪಾಪ ಅನಿಸಬೇಕಿತ್ತು, ಅನಿಸಲಿಲ್ಲ.

ಬಾಗಿಲು ಬಹಳ ಒಳ್ಳೆಯ ಬಾಗಿಲು. ಒಂದು ಅಕ್ಷರವೂ ಹೊರಗೆ ಬರಲಿಲ್ಲ.